ತೆಲೆಸಿಯಳ ಮೀನು

ಎರಡು ದೇಶದ ಸಂಸದರು ಒಟ್ಟಿಗೇ ಬರುತ್ತಾರಂತೆ ಎಂಬ ಸುದ್ದಿ ಕೇಳಿ, ಪೆಸಿಫಿಕ್ ಸಾಗರದ ನಡುವಿನ ಟೊಕೆಲಾವಿನ ಆ ಪುಟ್ಟ ದ್ವೀಪವೆಲ್ಲ ಹಿಗ್ಗಿದರೆ, ಲೊಯಿಮಾತಳ ಎದೆ ಮಾತ್ರ ಧಸಕ್ಕೆಂದಿತು. ಊರಿನ ಹೆಂಗಸರ ಸಂಘಕ್ಕೆ ಅವಳೇ ಯಜಮಾನಿ. ಚಾಪೆ ಹೆಣೆಸುವುದು, ಹಾರ ಕಟ್ಟಿಸುವುದು, ಗಂಡಸರನ್ನು ಗದರಿಸಿ ಹಂದಿ ಸುಡಿಸುವುದು, ಇದಕ್ಕೆಲ್ಲ ಅಂಜುವ ಪೈಕಿ ಅಲ್ಲ. ಅವಳು ಅಂಜಿದ್ದು ಒಂದು ಮೀನಿಗೆ.

ಆಸ್ಟ್ರೇಲಿಯಕ್ಕೂ ಸಮುದ್ರದಾಚೆ ಅಲ್ಲೊಂದು ಇಲ್ಲೊಂದು ದ್ವೀಪಗಳಿವೆ, ನ್ಯೂಜಿಲೆಂಡಿಗೆ ಈ ಟೊಕೆಲಾವಿನವರಿದ್ದಾರೆ. ಅಷ್ಟು ದೂರದ ನೆಲವನ್ನು ಆಳುವುದು ಹೇಗೆಂದು ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಕಲಿಯಬೇಕಂತೆ. ಹೋದ ವರ್ಷ ನ್ಯೂಜಿಲೆಂಡಿನ ಸಂಸದರು ಆಸ್ಟ್ರೇಲಿಯದವರ ದ್ವೀಪಕ್ಕೆ ಹೋಗಿ ಉಂಡು ಬಂದರು, ಈ ವರ್ಷ ಅವರು ಇವರಲ್ಲಿಗೆ. ಥೇಟ್ ಬೀಗರ ಓಡಾಟ. ಆಳಿಸಿಕೊಳ್ಳುವವರ ಪಾಲಿಗೆ ಬಂದದ್ದು ಅಡುಗೆ ಕೆಲಸ.

ಇರಲಿ, ಮೀನಿನ ವಿಷಯಕ್ಕೆ ಬರೋಣ. ಆ ಊರಲ್ಲಿ ಎಲ್ಲರೂ ಸೇರಿ ಹಿಡಿದು ತಂದ ಮೀನು ಯಾರೊಬ್ಬರದ್ದೂ ಅಲ್ಲ. ದಂಡೆಯ ಬಯಲಲ್ಲಿ ಸುರಿದು, ಮನೆಯಲ್ಲೆಷ್ಟು ತಲೆಯೋ ಅಷ್ಟು ಪಾಲೆಂದು ಗುಡ್ಡೆ ಹಾಕುತ್ತಾರೆ. ಇನಾತಿ ಅಂತ ಅದರ ಹೆಸರು. ಹಸುಗೂಸಿಗೂ ಪಾಲುಂಟು, ಹಾಸಿಗೆ ಹಿಡಿದ ಮುದುಕಿಗೂ ಉಂಟು, ನಿನ್ನೆ ಬಂದಿಳಿದ ನೆಂಟನಿಗೂ ಉಂಟು. ಊರು ಬಿಟ್ಟು ಹೋದವರಿಗೆ ಮಾತ್ರ ಇಲ್ಲ.

ಲೊಯಿಮಾತಳಿಗೆ ಮಕ್ಕಳಾಗಲಿಲ್ಲ. ತಂಗಿ ವೆಲಿಂಗ್ಟನ್ನಿಗೆ ದುಡಿಯಲು ಹೋದಾಗ ಬಿಟ್ಟುಹೋದ ಕೂಸು ತೆಲೆಸಿಯಳನ್ನು ಮಗ್ಗುಲಲ್ಲೇ ಮಲಗಿಸಿಕೊಂಡು ಸಾಕಿದಳು. ಕೂಸಿಗೆ ಮುಂದಿನ ಹಲ್ಲು ಬಿದ್ದ ವರ್ಷ ತಂಗಿ ಕರೆಸಿಕೊಂಡಳು. ಹಡಗು ಹೋದ ಮೇಲಿನ ಮೊದಲ ಇನಾತಿಯಲ್ಲಿ, "ನಿಮ್ಮನೇಲಿ ಈಗ ಒಬ್ಳು ಕಮ್ಮಿ ಅಲ್ವೇನಮ್ಮಾ?" ಎಂದು ಪಾಲು ಹಾಕುವ ಹಿರಿಯ ಕೇಳಿದರೆ, ಹೂಂ ಅನ್ನಲು ಅವಳಿಗೆ ಬಾಯಿಯೇ ಬರಲಿಲ್ಲ. "ಮುಂದಿನ ಹಡಗಿಗೆ ಬಂದ್ಬಿಡ್ತಾಳೆ. ಹಾಕಿ" ಅಂದಳು. ಹಿರಿಯ ಹಾಕಿದ.

ಮುಂದಿನ ಹಡಗು ಬಂತು, ಅದರ ಮುಂದಿನದೂ ಬಂತು, ತೆಲೆಸಿಯ ಬರಲಿಲ್ಲ. ಹಿರಿಯ ತೀರಿಕೊಂಡ. ಅವನ ಮಗ ಲೆಪಾಯಿಯೊ ಅಪ್ಪ ಹಾಕುತ್ತಿದ್ದಷ್ಟನ್ನೇ ಕಣ್ಣುಮುಚ್ಚಿ ಹಾಕುತ್ತ ಬಂದ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುತ್ತಲೇ ಲೊಯಿಮಾತಳ ತಲೆ ನೆರೆಯಿತು. ಊರಿನ ಬಾಯಿಂದ ಒಂದು ಪಾಲು ಹೆಚ್ಚು ಕಿತ್ತುಕೊಂಡವಳು ಅನ್ನುವುದಕ್ಕಿಂತ ದೊಡ್ಡ ಬೈಗುಳ ಆ ದ್ವೀಪದಲ್ಲಿ ಇನ್ನೊಂದಿಲ್ಲ. ಆ ಮೀನನ್ನು ತಿನ್ನುತ್ತಿದ್ದವನು ಅವಳ ಗಂಡ ಫಲನಿಕೊ. "ಹುಡುಗಿ ಮೀನು ಕೆಡಬಾರ್ದಲ್ಲ ಕಣೇ" ಎಂದು ಪ್ರತಿ ಸಲವೂ ಬೇಜಾರು ಮಾಡಿಕೊಂಡೇ ಚಪ್ಪರಿಸುತ್ತಿದ್ದ.

ಈಗ ತೆಲೆಸಿಯಳೇ ನ್ಯೂಜಿಲೆಂಡಿನ ಸಂಸದೆಯಾಗಿ ಬರುತ್ತಿದ್ದಳು, ಅದೂ ಊರಿನ ಲೆಕ್ಕಾಚಾರ ನೋಡುವುದಕ್ಕೆ!

"ಅವಳಿಗೆ ಹೊಸ ಪಾಲು ಹಾಕಿದ್ರೆ, ಇಷ್ಟು ವರ್ಷ ಹಾಕಿದ್ದು ಯಾರದ್ದು ಅಂತ ಕೇಳಲ್ವಾ? ಹಾಕದೇ ಹೋದ್ರೆ ಮನೆಗೆ ಬಂದ ಮಗು ಮುಂದೆ ಮಾನ ಹೋಗಲ್ವಾ?" ಎಂದು ಲೊಯಿಮಾತ ಗಂಡನ ಹತ್ತಿರ ಗೋಳಾಡಿದಳು.

"ಮೀನೇ ಸಿಗ್ದಿರ್ಲಿ ಅಂತ ಬೇಡ್ಕೋ" ಅಂದ ಫಲನಿಕೊ.

"ಥೂ, ನಿನ್ ಬಾಯಿಗೆ! ತಿಂದವನು ನೀನು, ಬೇಡ್ಕೊಳ್ಳೋಳು ನಾನಾ?"

ಹಡಗು ಬಂತು. ಹಡಗಿನಿಂದ ದಡಕ್ಕೆ ಹವಳದ ಬಂಡೆಸಾಲು ದಾಟುವ ದೋಣಿಯಲ್ಲಿ ಅಲೆ ಬಡಿದು, ಆಸ್ಟ್ರೇಲಿಯದ ತಂಡದ ಅಧ್ಯಕ್ಷ ಡೆಸ್ಮಂಡ್ ತೊಪ್ಪೆಯಾಗಿ ಇಳಿದ. ಬೋಳುತಲೆ, ಕೆಂಪು ಮೂಗು, ಬಾಯ್ತುಂಬ ನಗು. ಅವನ ಹಿಂದೆ ಇಳಿದವಳು ತೆಲೆಸಿಯ. ಲೊಯಿಮಾತ ಹಾರ ಹಾಕಲು ಕೈ ಎತ್ತಿದವಳು ಹಾರ ಮರೆತು ಅವಳ ಕೆನ್ನೆ ಹಿಡಿದುಕೊಂಡಳು.

"ದೊಡ್ಡಮ್ಮಾ, ನನ್ ಗುರುತು ಸಿಕ್ತಾ?" ಎಂದು ತೆಲೆಸಿಯ ತಡವರಿಸುತ್ತ ಊರ ಮಾತಿನಲ್ಲೇ ಕೇಳಿದಳು.

"ಹಲ್ಲು ಬಂದಿದೆ ಅಂತ ಗುರುತು ಸಿಗ್ದೇ ಇರುತ್ತೇನೇ?" ಅಂದಳು ಲೊಯಿಮಾತ. ಆಮೇಲೆ ಹಾರ ನೆನಪಾಗಿ ಕೊರಳಿಗೆ ಹಾಕಿದಳು.

ನೆಂಟರನ್ನು ಮನೆಮನೆಗೆ ಹಂಚಿದಾಗ ತೆಲೆಸಿಯಳ ಜೊತೆಗೆ ಡೆಸ್ಮಂಡನೂ ಲೊಯಿಮಾತಳ ಮನೆಗೇ ಬಂದ. ಮರುದಿನ ಸಭಾಮನೆಯಲ್ಲಿ ಮಾತುಕತೆ. ಹಿರಿಯರು ಹಡಗಿನ ಬಗ್ಗೆ, ದಂಡೆ ಕೊರೆಯುವ ಸಮುದ್ರದ ಬಗ್ಗೆ ಹೇಳಿದರು. ಡೆಸ್ಮಂಡ್ ತಲೆಯಾಡಿಸಿ ತಲೆಯಾಡಿಸಿ ಸಾಕಾಗಿ, ಕೊನೆಗೆ ಇನಾತಿಗೆ ಬಂದ. ತೆಲೆಸಿಯ ಅವನ ಮಾತನ್ನು ಎಲ್ಲರಿಗೂ ತಿಳಿಸಿದಳು. "ಇದು ಬಹಳ ಚೆನ್ನಾಗಿದೆ ಅಂತಾರೆ. ಆದ್ರೆ ಯಾರೂ ಹೆಚ್ಚು ತಗೊಳ್ಳಲ್ಲ ಅಂತ ಹೇಗೆ ನೋಡ್ಕೋತೀರಿ, ಅಂತ ಕೇಳ್ತಿದಾರೆ."

ಪಕ್ಕದ ಮನೆಯ ಮೆಲೆಕ ಗಂಟಲು ಸರಿಮಾಡಿಕೊಂಡಳು. ಚಿಕ್ಕಂದಿನಿಂದಲೂ ಲೊಯಿಮಾತಳಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. "ಅದನ್ನ ನಮ್ ಯಜಮಾನೀನೇ ಹೇಳ್ಲಿ" ಅಂದಳು ಮೆಲೆಕ, ಬೀಸಣಿಗೆ ಆಡಿಸುತ್ತ.

ಲೊಯಿಮಾತ ಬೆವತುಹೋದಳು. "ನಮ್ ಊರಲ್ಲಿ... ಎಲ್ರೂ ಎಲ್ಲಾ ನೋಡ್ತಿರ್ತಾರೆ" ಅಂದಳು. ಡೆಸ್ಮಂಡ್ ಚಪ್ಪಾಳೆ ತಟ್ಟಿದ. ಅವಳಿಗೆ ಅಲ್ಲೇ ಚಾಪೆಯೊಳಗೆ ಸುರುಳಿ ಸುತ್ತಿಕೊಂಡುಬಿಡೋಣ ಅನ್ನಿಸಿತು.

ಫಲನಿಕೊನ ಹರಕೆ ಫಲಿಸಲಿಲ್ಲ. ಆ ಮಧ್ಯಾಹ್ನ ದೋಣಿಗಳು ತುಂಬಿ ಬಂದವು. ದಪ್ಪದಪ್ಪ ಟ್ಯೂನ, ತಲೆಗೊಂದು ಬರುವಷ್ಟು. ಲೆಪಾಯಿಯೊ ಒಂದೊಂದೇ ಮನೆಯ ಹೆಸರು ಕೂಗಿ ಗುಡ್ಡೆ ಹಾಕುತ್ತ ಬಂದ. ನೆಂಟರಿಳಿದ ಮನೆಗಳಿಗೆಲ್ಲ ನೆಂಟನಿಗೊಂದು ಮೀನು ಸೇರಿಸಿದ. ಲೊಯಿಮಾತಳ ಎಂದಿನ ಗುಡ್ಡೆ ಮುಗಿಸಿ, ಡೆಸ್ಮಂಡನನ್ನು ನೋಡಿ ಅದರ ಮೇಲೊಂದು ಮೀನಿಟ್ಟ. ಅಷ್ಟೇ. ಮುಂದಿನ ಮನೆಗೆ ಹೋಗಿಬಿಟ್ಟ.

ಡೆಸ್ಮಂಡ್ ಗುಡ್ಡೆ ನೋಡಿದ, ತೆಲೆಸಿಯಳನ್ನು ನೋಡಿದ, ಮುಖ ಸಪ್ಪಗೆ ಮಾಡಿಕೊಂಡ. ತನ್ನಿಂದಾಗಿ ಇವಳ ಪಾಲು ತಪ್ಪಿತು ಅಂದುಕೊಂಡಿರಬೇಕು. ತನ್ನ ಮೀನನ್ನೇ ಬಾಲ ಹಿಡಿದು ಎತ್ತಿ ಅವಳ ಕೈಗೆ ಕೊಡಲು ಹೋದ. "ನಾವಿಬ್ಬರಲ್ವಾ ಈ ಮನೆಗೆ ಬಂದದ್ದು? ತೆಲೆಸಿಯಳಿಗೇಕಿಲ್ಲ?" ಎಂದು ಅವನು ಕೇಳಿದ್ದು, ಭಾಷೆ ಬಾರದವರಿಗೂ ಅರ್ಥವಾಯಿತು. ಬಯಲಿಗೆ ಬಯಲೇ ಲೊಯಿಮಾತಳ ಕಡೆ ತಿರುಗಿತು.

ಸಾಕು, ಇನ್ನು ಮುಚ್ಚಿಟ್ಟು ಬದುಕೋದು ಬೇಡ ಎಂದು ಲೊಯಿಮಾತ ಎದ್ದಳು. "ಲೆಪಾಯಿಯೊ, ಇಲ್ಲಿ ಕೇಳಪ್ಪಾ. ನಿಮ್ಮಪ್ಪನ ಕಾಲದಿಂದ ನಾನು..."

"ಕೂತ್ಕೊಳ್ಳೇ ಸಾಕು!" ಎಂದು ಗದರಿದವಳು ಮೆಲೆಕ. "ದೊಡ್ಡ ಗುಟ್ಟು ಹೇಳೋಕೆ ಎದ್ಲು ಮಹಾರಾಯ್ತಿ. ನಾವೇನು ಕುರುಡರಾ? ಹೇಳೋ ಲೆಪಾಯಿಯೊ, ನಿಮ್ಮಪ್ಪ ಸಾಯೋವಾಗ ನಿಂಗೇನಂದ್ರು?"

ಲೆಪಾಯಿಯೊ ಮೀನಿನ ಕೈಯಲ್ಲೇ ತಲೆ ಕೆರೆದುಕೊಂಡ. "ಲೊಯಿಮಾತಕ್ಕನ ಮನೆ ಮಗುವಿನ ಪಾಲು ತಪ್ಪಿಸ್ಬೇಡ ಕಣೋ, ಮುಂದಿನ ಹಡಗಿಗೆ ಬರುತ್ತೆ, ಅಂದಿದ್ರು."

"ಕೇಳ್ದೆಯಾ?" ಅಂದಳು ಮೆಲೆಕ. "ಮಗು ಪಾಲು ಇಲ್ಲೇ ಇದೆ. ಹಡಗೇ ಸ್ವಲ್ಪ ತಡ."

ಬಯಲು ಗೊಳ್ಳೆಂದು ನಕ್ಕಿತು. ಲೊಯಿಮಾತ ನಗಲಾರದೆ, ಅಳಲಾರದೆ, ಮೆಲೆಕಳನ್ನು ಬೈಯಲೂ ಆಗದೆ ಧೊಪ್ಪನೆ ಕೂತಳು. ಏನಾಯಿತು, ಏನಂದರು ಎಂದು ಡೆಸ್ಮಂಡ್ ತೆಲೆಸಿಯಳ ತೋಳು ಹಿಡಿದು ಕೇಳುತ್ತಲೇ ಇದ್ದ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಲೇ, "ನಾನು ಈ ಊರು ಬಿಟ್ಟು ಹೋಗೇ ಇಲ್ವಂತೆ" ಎಂದಳು. ಅವನಿಗೆ ಅದರಿಂದ ಏನೂ ತಿಳಿಯಲಿಲ್ಲ, ಪಾಪ.

ಅವತ್ತು ತೆಲೆಸಿಯ ತನ್ನ ಮೀನನ್ನು ತಲೆಯಿಂದ ಬಾಲದವರೆಗೂ ತಿಂದಳು. ಫಲನಿಕೊ ದೀವಿಹಲಸು ಅಗಿಯುತ್ತ ಎದುರಿಗೇ ಕೂತು, ಕೊನೆಯ ಮುಳ್ಳಿನವರೆಗೂ ನೋಡಿದ.

ಹಡಗು ಹೊರಟಿತು. ಆಮೇಲಿನ ಇನಾತಿಯ ದಿನ ಲೊಯಿಮಾತ ಎಲ್ಲರಿಗಿಂತ ಮುಂಚೆ ಬಯಲಿಗೆ ಬಂದು ನಿಂತಳು. ರಾತ್ರಿಯೆಲ್ಲ ಹೊರಳಾಡಿ ಗಟ್ಟಿ ಮನಸ್ಸು ಮಾಡಿದ್ದಳು. "ಲೆಪಾಯಿಯೊ, ಇವತ್ತಿಂದ ನಮ್ಮನೇಲಿ ಒಬ್ಳು ಕಮ್ಮಿ ಕಣಪ್ಪಾ" ಎಂದಳು.

"ಯಾಕಕ್ಕಾ? ತೆಲೆಸಿಯಂಗೆ ಏನಾದ್ರೂ ಆಯ್ತಾ?"

"ಬಿಡ್ತು ಅನ್ನೋ! ಅವಳಿಗೇನಾಗುತ್ತೆ, ಗುಂಡುಕಲ್ಲಿನ ಹಾಗಿದಾಳೆ! ಹೋಗೋವಾಗ ಮುಂದಿನ ಹಡಗಿಗೆ ಬರ್ತೀನಿ ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಲೆಪಾಯಿಯೊ ಒಂದು ಮೀನು ತೆಗೆದು ಅವಳ ಗುಡ್ಡೆಯ ಮೇಲಿಟ್ಟ.

"ಆ ಬೋಳುತಲೆಯವನೂ ಬರ್ತೀನಿ ಅಂದಿದಾನಪ್ಪ" ಎಂದು ಹಿಂದಿನಿಂದ ಫಲನಿಕೊ ಮೆಲ್ಲಗೆ ಅಂದ.

"ಅವನದ್ದು ನಮ್ಮನೆಗೆ ಹಾಕೋ" ಎಂದಳು ಮೆಲೆಕ. "ಈ ಮುದುಕನ್ನ ನಂಬಿದ್ರೆ ಬಂದವರಿಗೆ ಮುಳ್ಳೂ ಉಳಿಯಲ್ಲ."