ಏಡಿಗಳ ಬೇಸಗೆಗೆ ಅಪ್ಪನ ಸಹಿ

ರೈಲು ಕೋಟ್ಟಯಂ ದಾಟಿದ ಮೇಲೂ ಮಹಾಲಿಂಗ ರಾಯರು ಬಾಯಿ ಬಿಡಲಿಲ್ಲ. ಎದುರು ಕೂತಿದ್ದ ಮಗಳು ಸೌದಾಮಿನಿಯೂ ಬಿಡಲಿಲ್ಲ. ಇಬ್ಬರ ನಡುವೆ ಇಡ್ಲಿಯ ಪೊಟ್ಟಣ ಮೂರನೆಯ ಪ್ರಯಾಣಿಕನಂತೆ ಕೂತು, ಯಾರು ಮೊದಲು ಸೋಲುತ್ತಾರೆ ಎಂದು ಕಾಯುತ್ತಿತ್ತು. ಕೊಲ್ಲಂ ಹತ್ತಿರವಾದಾಗ ಹಸಿವು ಗೆದ್ದಿತು. ಇಬ್ಬರೂ ಕಿಟಕಿಯಾಚೆಗಿನ ಹಿನ್ನೀರನ್ನು ನೋಡುತ್ತ, ಮಾತಿಲ್ಲದೆ, ಪೊಟ್ಟಣ ಖಾಲಿ ಮಾಡಿದರು.

ಜಗಳ ಒಂದು ಸಹಿಯದ್ದು.

ತಿರುವನಂತಪುರದ ಪಟ್ಟಂನಲ್ಲಿ ಆ ವರ್ಷ, ಅಂದರೆ ಐವತ್ತೆಂಟರಲ್ಲಿ, ಕಡಲ ವಿಜ್ಞಾನ ನಿಧಿ ಎಂಬುದೊಂದು ಹೊಸದಾಗಿ ಹುಟ್ಟಿಕೊಂಡಿತ್ತು. ಬಿ.ಎಸ್ಸಿ. ಓದುತ್ತಿರುವ ಇಬ್ಬರಿಗೆ ಬೇಸಗೆ ರಜೆಯಲ್ಲಿ ಸ್ವಂತ ಸಂಶೋಧನೆ ಮಾಡಲು ವೇತನ, ಪ್ರಯೋಗಶಾಲೆಯಲ್ಲಿ ಒಂದು ಮೇಜು, ಒಂದು ಮೈಕ್ರೋಸ್ಕೋಪು ಕೊಡುವುದಾಗಿ ಅದು ಸಾರಿತ್ತು. ಎಂ.ಎಸ್ಸಿ. ಮಾಡಿದವರಿಗೇ ಇಂಥದ್ದು ಸಿಗದ ಕಾಲ. ಎರ್ನಾಕುಳಂನ ಕಾಲೇಜಿನಲ್ಲಿ ಎಲ್ಲರೂ ಇದು ಅಚ್ಚಿನ ತಪ್ಪಿರಬೇಕೆಂದು ನಕ್ಕರು. ನಗದವರು ಇಬ್ಬರೇ: ಪ್ರಾಣಿಶಾಸ್ತ್ರ ಕಲಿಸುವ ವಿನೋದಾ ಟೀಚರ್ ಮತ್ತು ಸೌದಾಮಿನಿ.

ಸೌದಾಮಿನಿಯ ಹತ್ತಿರ ಒಂದು ಪ್ರಶ್ನೆಯಿತ್ತು. ಫೋರ್ಟ್ ಕೊಚ್ಚಿಯ ಮರಳಿನಲ್ಲಿ ಬೆರಳುದ್ದದ ಒಂದು ಏಡಿ ಇದೆ. ಅಲೆ ಹಿಂದೆ ಸರಿಯುವ ಆ ಒಂದು ಕ್ಷಣದಲ್ಲಿ ಅದು ಹಿಮ್ಮುಖವಾಗಿ ಮರಳೊಳಗೆ ಹೂತುಕೊಳ್ಳುತ್ತದೆ. ನೀರು ಏರಿದಂತೆ ದಡದ ಮೇಲಕ್ಕೆ, ಇಳಿದಂತೆ ಕೆಳಕ್ಕೆ ಬಿಡಾರ ಬದಲಿಸುತ್ತದೆ. ನೀರು ತಿರುಗುವ ಹೊತ್ತು ಅದಕ್ಕೆ ಗೊತ್ತಾಗುವುದು ಹೇಗೆ? ಒಂದು ವರ್ಷ ಭಾನುವಾರಗಳಂದು ಬರಿಗಾಲಲ್ಲಿ ನಿಂತು ನೋಡಿದ್ದಳು. ಮುಂದಿನದು ಬರಿಗಣ್ಣಿನ ಕೆಲಸವಲ್ಲ. ಮುಂದಿನ ವರ್ಷದ ಬೇಸಗೆಯ ಹೊತ್ತಿಗೆ ಅವಳ ಡಿಗ್ರಿ ಮುಗಿದಿರುತ್ತದೆ; ಆಮೇಲೆ ಈ ವೇತನ ಅವಳದಾಗುವಂತಿಲ್ಲ.

ಎಲ್ಲ ಸರಿಯಿತ್ತು, ಒಂದು ನಿಯಮ ಬಿಟ್ಟು. ಅಭ್ಯರ್ಥಿ ಕೇರಳದವರಾಗಿರಬೇಕು. ಹಾಗೆಂದು ತಂದೆ ನಿಧಿಯ ಕಾರ್ಯದರ್ಶಿಯ ಮುಂದೆ ಖುದ್ದಾಗಿ ಸಹಿ ಹಾಕಬೇಕು.

ಮಹಾಲಿಂಗ ರಾಯರು ಎರ್ನಾಕುಳಂನ ಹೈಕೋರ್ಟಿನಲ್ಲಿ ಭಾಷಾಂತರಕಾರರು. ಕಾಸರಗೋಡಿನ ವ್ಯಾಜ್ಯಗಳ ಕನ್ನಡ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುವುದು ಅವರ ಕೆಲಸ, ಕಾಸರಗೋಡು ಅವರ ಊರು. ಎರಡು ವರ್ಷದ ಹಿಂದೆ, ನವೆಂಬರ್ ಒಂದರಂದು, ಆ ಊರು ಕೇರಳಕ್ಕೆ ಸೇರಿತು. ಅದು ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಮನವಿಗೆ ಸಹಿ ಹಾಕಿದವರಲ್ಲಿ ರಾಯರೂ ಒಬ್ಬರು. ಅಂದು, ಆಗ ಕೆಲಸ ಮಾಡುತ್ತಿದ್ದ ಊರಿನ ಕಚೇರಿಯಲ್ಲಿ ಹಂಚಿದ ಲಡ್ಡುವನ್ನು ಬೇಡ ಎನ್ನಲೂ ಆಗದೆ, ತಿನ್ನಲೂ ಮನಸ್ಸಾಗದೆ ಕೋಟಿನ ಕಿಸೆಗೆ ಹಾಕಿಕೊಂಡರು; ಮರುದಿನ ಕೋಟಿಗೆ ಇರುವೆ ಹತ್ತಿತ್ತು. ಹೈಕೋರ್ಟಿನ ಕೆಲಸ ಸಿಕ್ಕಿ ಎರ್ನಾಕುಳಂ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ ಹಿಡಿದ ಮೇಲೂ ಊರಿಗೆ ಹಾಕುವ ಕಾಗದಗಳ ಮೇಲೆ ಮೊದಲಿನಂತೆ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಬರೆಯುತ್ತಿದ್ದರು. ಅಂಚೆಯವರು ತಕರಾರಿಲ್ಲದೆ ಮುಟ್ಟಿಸುತ್ತಿದ್ದರು.

ಸಹಿಯ ವಿಷಯ ಬಂದ ದಿನ ರಾಯರು ಊಟದ ಮಧ್ಯೆ ಕೈ ನಿಲ್ಲಿಸಿದರು. ತಾನು ಒಂದೇ ವಿಷಯಕ್ಕೆ ಎರಡು ಥರ ಸಹಿ ಹಾಕುವ ಜನ ಅಲ್ಲ ಎಂದರು. ಹೆಂಡತಿ ವಾರಿಜಾ ಸಾರು ಬಡಿಸುತ್ತ ಮಗಳಿಗೆ ಹೇಳಿದರು:

"ನಿನ್ನ ಅಪ್ಪನ ಹತ್ರ ಒಮ್ಮೆ ಕೇಳು, ತಿಂಗಳು ತಿಂಗಳು ಬರುವ ಸಂಬಳ ಯಾವ ರಾಜ್ಯದ್ದು ಅಂತ."

"ಸಂಬಳ ಕೆಲಸಕ್ಕೆ ಕೊಡುದು. ಊರಿಗೆ ಅಲ್ಲ," ಎಂದರು ರಾಯರು.

ಹುಡುಗಿಯನ್ನು ಒಬ್ಬಳನ್ನೇ ಕಳಿಸುವಂತಿಲ್ಲ, ಆದ್ದರಿಂದ ಸಂದರ್ಶನಕ್ಕೆ ತಿರುವನಂತಪುರಕ್ಕೆ ಕರೆದುಕೊಂಡು ಹೋಗುತ್ತೇನೆ, ಆದರೆ ಸಹಿಯ ಮಾತು ಇನ್ನು ಕೇಳಬೇಡ ಎಂದು ತೀರ್ಪು ಕೊಟ್ಟರು. ಆವತ್ತಿನಿಂದ ಸೌದಾಮಿನಿ ಕೇಳಲಿಲ್ಲ.

ತಿರುವನಂತಪುರದಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಉಳಿದುಕೊಂಡರು. ಮರುದಿನ ಬೆಳಗ್ಗೆ ಪಟ್ಟಂನಲ್ಲಿ ನಿಧಿಯ ಕಚೇರಿಯಿದ್ದ ಹಳೆಯ ಬಂಗಲೆಯ ಜಗಲಿಯಲ್ಲಿ ರಾಯರು ಬೆತ್ತದ ಕುರ್ಚಿಯ ಮೇಲೆ ಕೂತರು. ಅವಳು ಒಬ್ಬಳೇ ಒಳಗೆ ಹೋದಳು.

ಮೇಜಿನಾಚೆ ಮೂವರಿದ್ದರು. ಏಡಿಯ ಬಗ್ಗೆ ಕೇಳಿದ್ದಕ್ಕೆಲ್ಲ ಅವಳಲ್ಲಿ ಉತ್ತರವಿತ್ತು. ಕೆಲಸಕ್ಕೆ ತಿರುವನಂತಪುರದ ಹತ್ತಿರದ ವಿಳಿಂಜಂ ಕಡಲತೀರವೇ ಯಾಕೆ ಎಂದು ಒಬ್ಬ ಮುದಿ ಪ್ರೊಫೆಸರರು ಕೇಳಿದಾಗ, ಅಲ್ಲಿ ಕೊಲ್ಲಿಯ ಒಳಗೆ ಶಾಂತವಾದ ಮರಳು, ಬಂಡೆಯಾಚೆ ಅಬ್ಬರದ ಮರಳು, ಎರಡೂ ಕಾಲ್ನಡಿಗೆಯಲ್ಲಿ ಸಿಗುತ್ತವೆ, ಮಳೆ ಹಿಡಿಯುವ ಮೊದಲು ಎರಡನ್ನೂ ಹೋಲಿಸಿ ನೋಡಬಹುದು ಎಂದಳು. ಮುದುಕರು ಪಕ್ಕದವರ ಕಡೆ ನೋಡಿ ಹುಬ್ಬು ಹಾರಿಸಿದರು. ಕೆಲಸ ಆಯಿತು ಎಂದು ಅವಳಿಗೆ ಅನಿಸಿತು.

ಆಗ ಕೊನೆಯಲ್ಲಿ ಕೂತಿದ್ದ ಕಾರ್ಯದರ್ಶಿ ಭೂತಲಿಂಗಂ ಪಿಳ್ಳೆಯವರು ತಲೆಯೆತ್ತದೆ ಕೇಳಿದರು: "ಕೇರಳದವರು ತಾನೆ?"

ಹೌದು ಎಂದರೆ ಮುಗಿಯುತ್ತಿತ್ತು. ಹೌದು ಎನ್ನಬೇಕೆಂದೇ ಅವಳು ರೈಲಿನುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದಳು.

"ಕಾಸರಗೋಡಿನವಳು, ಸಾರ್."

"ಅದು ಕೇರಳವೇ ಅಲ್ಲವೆ?"

"ಈಗ ಹೌದು, ಸಾರ್."

ಹೇಳಿಯಾದ ಮೇಲೆ ಅವಳಿಗೆ ಅದು ಕೇಳಿಸಿತು. ಅಪ್ಪನ ಗಂಟಲು ತನ್ನ ಬಾಯಿಯೊಳಗೆ ಹೊಕ್ಕು ಮಾತಾಡಿ ಹೋದ ಹಾಗೆ. ಮೇಲೆ ಫ್ಯಾನು ತಿರುಗುತ್ತಿತ್ತು. ವಿಳಿಂಜಂ, ಮೇಜು, ಮೈಕ್ರೋಸ್ಕೋಪು ಎಲ್ಲವೂ ಆ ಗಾಳಿಗೆ ಹಾರಿಹೋದವೆಂದು ಅವಳು ಅಂದುಕೊಂಡಳು.

ಪಿಳ್ಳೆಯವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ತಂದೆ ಬಂದಿದ್ದಾರೆಯೇ ಎಂದು ವಿಚಾರಿಸಿ ಒಳಗೆ ಕರೆಸಿದರು.

ರಾಯರು ಬಂದು, ಸಾಕ್ಷಿಕಟ್ಟೆ ಹತ್ತಿದವರಂತೆ, ನೆಟ್ಟಗೆ ನಿಂತರು. ಪಿಳ್ಳೆಯವರು ಕೂರಲು ಹೇಳಿ, ಸಹಿಯ ಸುದ್ದಿ ಎತ್ತದೆ, ತಮ್ಮ ಮನೆಯ ಕತೆ ಶುರು ಮಾಡಿದರು. ಅವರ ಊರು ನಾಗರಕೋಯಿಲಿನ ಹತ್ತಿರ, ಭೂತಪಾಂಡಿ. ಅಜ್ಜನ ಕಾಲದಿಂದ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದು.

"ನವೆಂಬರ್ ಒಂದರ ಬೆಳಗ್ಗೆ ಎದ್ದರೆ ಮದ್ರಾಸು ರಾಜ್ಯ," ಎಂದರು. "ಮನೆ ಅಲ್ಲೇ ಇದೆ, ಬಾವಿ ಅಲ್ಲೇ ಇದೆ. ಅಮ್ಮನನ್ನು ನೋಡಲು ಹೋಗಬೇಕಾದರೆ ನಾನು ಗಡಿ ದಾಟಬೇಕು. ಊರಿನವರು ಪಟಾಕಿ ಹೊಡೆದರು. ನಾನು ಕಿಟಕಿ ಹಾಕಿಕೊಂಡು ಒಳಗೆ ಕೂತೆ."

ರಾಯರ ಭುಜ ಸ್ವಲ್ಪ ಇಳಿಯಿತು. ತಮಗೆ ಅಂದು ಲಡ್ಡು ಕೊಟ್ಟಿದ್ದರು ಎಂದು ಮೆಲ್ಲಗೆ ಹೇಳಿದರು. ಇರುವೆಗಳ ಸಂಗತಿಯನ್ನೂ ಹೇಳಿದರು. ಪಿಳ್ಳೆಯವರು ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ ಕಾಗದವನ್ನು ಮುಂದೆ ಸರಿಸಿದರು.

ರಾಯರು ಅದನ್ನು ಓದಿದರು. ಕೋರ್ಟಿನಲ್ಲಿ ಓದುವ ಹಾಗೆ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು. ಸೌದಾಮಿನಿ ಅಪ್ಪನ ಮುಖ ನೋಡಲಾರದೆ ಬೆರಳನ್ನೇ ನೋಡಿದಳು. ರಾಯರು ಪೆನ್ನು ಕೇಳಿದರು. 'ನಾನು ಕೇರಳ ರಾಜ್ಯದವನು' ಎಂಬ ಸಾಲಿನ ತುದಿಯಲ್ಲಿ 'ಇಂದಿನ ತಾರೀಕಿಗೆ ಇರುವಂತೆ' ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಕೆಳಗೆ ಸಹಿ ಹಾಕಿದರು.

ಹಾಗೆಲ್ಲ ಸೇರಿಸಬಹುದೇ ಎಂದು ಪ್ರೊಫೆಸರರು ಇಣುಕಿದರು.

"ನಾಳೆಯ ತಾರೀಕಿಗೆ ಸಹಿ ಹಾಕುವವರು ಯಾರಿದ್ದಾರೆ?" ಎಂದು ಪಿಳ್ಳೆಯವರು ಮುದ್ರೆ ಒತ್ತಿದರು. ಮತ್ತೆ ಸೌದಾಮಿನಿಯ ಕಡೆ ತಿರುಗಿ, ಏಪ್ರಿಲ್ ಹದಿನೈದಕ್ಕೆ ಬಂದು ಕೆಲಸ ಶುರು ಮಾಡು, ಅಷ್ಟರೊಳಗೆ ಗಡಿ ಬದಲಾದರೆ ಒಂದು ಕಾರ್ಡು ಹಾಕು ಎಂದರು.

ಇಬ್ಬರೂ ರಸ್ತೆಗೆ ಬಂದರು. ಒಂದು ಹೋಟೆಲಿಗೆ ಹೊಕ್ಕರು. ರಾಯರು ಎರಡು ದೋಸೆ ತಿಂದು, ಇನ್ನೊಂದು ಹೇಳಿದರು. ಎಷ್ಟೋ ದಿನದ ಮೇಲೆ ಅವರು ರುಚಿ ನೋಡಿ ತಿನ್ನುತ್ತಿದ್ದರು.

"ಕೋಟ್ಟಯಂನಲ್ಲೇ ನಾನು ತೀರ್ಮಾನ ಮಾಡಿ ಆಗಿತ್ತು," ಎಂದರು, ತಟ್ಟೆ ನೋಡುತ್ತ. "ನೀನು ಇನ್ನೊಂದು ಸಲ ಕೇಳಿದ್ರೆ ಏನೂ ಸೇರಿಸದೆ ಹಾಗೇ ಹಾಕಿ ಕೊಡ್ತಿದ್ದೆ."

"ಕೇಳಬೇಡ ಅಂತ ನೀವೇ ಹೇಳಿದ್ದಲ್ವಾ ಅಪ್ಪ?"

"ಹೇಳಿದ್ದು ಹೌದು. ನೀನು ಯಾವಾಗ ನನ್ನ ಮಾತು ಕೇಳಿದ್ದು?"

ಅವಳಿಗೆ ನಗು ಬಂದು ಕಾಫಿ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, ಒಳಗೆ ತಾನು ಏನು ಹೇಳಿದೆನೆಂಬುದನ್ನು ಅಪ್ಪನಿಗೆ ಹೇಳಿದಳು. 'ಈಗ ಹೌದು' ಎಂದದ್ದನ್ನೂ ಬಿಡಲಿಲ್ಲ. ಅಪ್ಪ ಹಿಗ್ಗಬಹುದು ಎಂದುಕೊಂಡಿದ್ದಳು.

ರಾಯರು ಲೋಟ ಕೆಳಗಿಟ್ಟರು.

"ನಿನಗೆ ತಲೆ ಸರಿ ಉಂಟಾ? ಅವರು ಬೇಡ ಹೇಳಿದ್ರೆ ಎಂತ ಮಾಡ್ತಿದ್ದೆ? ಒಂದು ವರ್ಷ ಆ ಬಿಸಿಲಲ್ಲಿ ನಿಂತದ್ದು ಎಂತಕ್ಕೆ?"

ಮತ್ತೆ ನಿಲ್ಲಿಸಲಿಲ್ಲ. ಹೋಟೆಲಿನಿಂದ ಬಸ್ಸಿನವರೆಗೆ, ಬಸ್ಸಿನಿಂದ ರೈಲು ನಿಲ್ದಾಣದವರೆಗೆ ಬೈಯುತ್ತಲೇ ಬಂದರು: ರಾಜಕೀಯ ದೊಡ್ಡವರಿಗೆ, ಓದುವ ಮಕ್ಕಳಿಗೆ ಇಂಥ ಹಟ ಯಾಕೆ, ಇದೆಲ್ಲ ಎಲ್ಲಿಂದ ಕಲಿತದ್ದು ಎಂದು. ಸೌದಾಮಿನಿ ಅವರ ಕೊಡೆಯನ್ನೂ ತಾನೇ ಹಿಡಿದುಕೊಂಡು ಪಕ್ಕದಲ್ಲಿ ಹಗುರವಾಗಿ ನಡೆದಳು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ತಾನೂ ನಿಂತು, ಮುಂದಿನ ಮಾತಿಗೆ ಕಾದಳು.