ಸುಟ್ಟ ಒಂಬತ್ತನೇ ಪಿನ್ನು

೧
ಎಲ್ಲಿಂದ ಶುರು ಮಾಡಲಿ? ಹೊಗೆಯಿಂದ ಶುರು ಮಾಡಿದರೆ ನೀವು ಓದುತ್ತೀರಿ. ಹಾಗಾದರೆ ತಗೊಳ್ಳಿ: 'ಶಹಾಪುರದ ಒಂದು ಹೈಸ್ಕೂಲಿನ ಲ್ಯಾಬಿನಲ್ಲಿ ದಟ್ಟ ಹೊಗೆ ಎದ್ದಿತು.'

"ಹೊಗಿ ಎಲ್ಲಿ ಎದ್ದಿತ್ರೀ?" ಎಂದಳು ಮೌನೇಶ್ವರಿ. ಒಂಬತ್ತನೇ ಕ್ಲಾಸು, ನನ್ನ ಕಥಾನಾಯಕಿ. "ಒಂದು ಪಿನ್ ಸತ್ತದ, ಅಷ್ಟ. ಸುಳ್ಳ್ಯಾಕ ಬರೀತೀರಿ?"

(ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ.) ಡ್ರಾಫ್ಟ್ ಕ್ಯಾನ್ಸಲ್.

೨
ನಡೆದದ್ದು ಇಷ್ಟು. ಇಡೀ ಶಾಲೆಗೆ ಇರುವುದು ಒಂದೇ ಮೈಕ್ರೋಕಂಟ್ರೋಲರ್ ಬೋರ್ಡು, ಮೋಟಾರು, ದೀಪಗಳಿಗೆ ಆಜ್ಞೆ ಕೊಡುವ ಅಂಗೈಯಗಲದ ಕಂಪ್ಯೂಟರು. ಅದರ ಒಂದು ಪಿನ್ನಿನಿಂದ ತೆಗೆಯಬಹುದಾದ ಕರೆಂಟು ಇಪ್ಪತ್ತು ಮಿಲಿಆಂಪಿಯರ್. ನಾರಾಯಣಪುರ ಕಾಲುವೆಯ ಗೇಟಿನ ಮಾಡೆಲ್ ಎತ್ತುವ ಪುಟ್ಟ ಮೋಟಾರು ಕೇಳುವುದು ಇನ್ನೂರು. ಅದಕ್ಕೇ ವಿಜ್ಞಾನದ ಟೀಚರ್ ದಾನೇಶ್ವರಿ, ಪಿನ್ನಿನ ಮೇಲೆ ಹೊರೆ ಬೀಳದಂತೆ, ನಡುವೆ ರೆಸಿಸ್ಟರು, ಟ್ರಾನ್ಸಿಸ್ಟರು ಇಟ್ಟು, ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟಿದ್ದರು. ಬ್ಯಾಟರಿ ಇಳಿದಿತ್ತೋ ಏನೋ, ಗೇಟು ಏಳಲಿಲ್ಲ. ಮೌನೇಶ್ವರಿ ನಡುವಿನದ್ದೆಲ್ಲ ಕಿತ್ತು, ದಪ್ಪ ತಾಮ್ರದ ತಂತಿಯಿಂದ ಮೋಟಾರನ್ನು ನೇರ ಒಂಬತ್ತನೇ ಪಿನ್ನಿಗೆ ಕಟ್ಟಿದಳು. ಗೇಟು ಒಮ್ಮೆ ನಡುಗಿತು. ಆಮೇಲೆ ಆ ಪಿನ್ನಿನಿಂದ ಏನೂ ಬರಲಿಲ್ಲ.

"ಮನ್ಯಾಗ ಫ್ಯೂಸ್ ಹೋದ್ರ ನಮ್ಮಪ್ಪ ಹಂಗೇ ಮಾಡ್ತಾನ್ರಿ. ದಪ್ಪ ತಂತಿ ಸುತ್ತಿದ್ರ ಮತ್ತ ಹೋಗಂಗಿಲ್ಲ."

ನಮ್ಮ ಕಡೆ ಯಾರ ಮನೆಯಲ್ಲಿ ಹೀಗೆ ಮಾಡುವುದಿಲ್ಲ, ಹೇಳಿ. (ನನ್ನ ತಲೆಯ ಮೇಲಿನ ಫ್ಯಾನು ತಿರುಗುತ್ತಿರುವುದೂ ಅಂಥದೇ ತಂತಿಯ ದಯೆಯಿಂದ.)

೩
ದಾನೇಶ್ವರಿ ಬೋರ್ಡನ್ನು ಡಬ್ಬಿಗೆ ಹಾಕಿ ಅಲಮಾರಿಯತ್ತ ನಡೆದರು. ಕೆಟ್ಟ ಸಾಮಾನು ಅಲ್ಲಿಗೆ ಹೋದರೆ ಹೊರಬರುವುದು ಇನ್‌ಸ್ಪೆಕ್ಷನ್ ದಿನ ಮಾತ್ರ, ತೋರಿಸಿ ಮತ್ತೆ ಬೀಗ ಹಾಕಲು.

"ಟೀಚರ್, ಉಳಿದ ಪಿನ್ ಛಲೋ ಅದಾವ್ರಿ. ಒಳಗ ಇಡಬ್ಯಾಡ್ರಿ."

"ಇನ್ನೊಂದು ಸುಟ್ರ ನಾ ಏನ್ ಜವಾಬ್ ಕೊಡ್ಲಿ? ಬರೋವಾಗ್ಲೇ ಕೆಟ್ಟಿತ್ತು ಅಂತ ರಿಜಿಸ್ಟರ್‌ದಾಗ ಬರೀತೀನಿ. ನಿನ್ನ ಹೆಸರೂ ಬರಂಗಿಲ್ಲ. ಮುಗೀತು."

ಒಳ್ಳೆಯ ಮುಕ್ತಾಯ, ನಾನು ಒಪ್ಪಿಬಿಟ್ಟಿದ್ದೆ. ಬೇಡವೆಂದರೆ ಇನ್ನೊಂದು ರೆಡಿ ಇತ್ತು: ಯಾದಗಿರಿಯ ವಿಜ್ಞಾನ ಮೇಳದಲ್ಲಿ ಹತ್ತನೇ ಪಿನ್ನಿನಿಂದ ಗೇಟು ಏಳುತ್ತದೆ, ಚಪ್ಪಾಳೆ. ಯಾವುದು ಬೇಕು ಎಂದು ಮೌನೇಶ್ವರಿಯನ್ನೇ ಕೇಳಿದೆ.

"ಎರಡೂ ಬ್ಯಾಡ್ರಿ. ಕೆಟ್ಟೇ ಬಂದಿತ್ತು ಅಂದ್ರ ನಾಳಿ ಇನ್ನೊಬ್ಬಾಕಿ ಹಂಗೇ ತಂತಿ ಕಟ್ತಾಳ. ಪೆನ್ ಕೊಡ್ರಿ ಇಲ್ಲಿ."

ನನಗೆ ನಾಚಿಕೆಯಾಯಿತು. ಕೊಟ್ಟೆ. ಟೀಚರ ಕೈಯಲ್ಲಿದ್ದ ಡಬ್ಬಿಯ ಮೇಲೆ ಅವಳೇ ಬರೆದಳು: 'ಒಂಬತ್ತನೇ ಪಿನ್ ನಾನು ಸುಟ್ಟೆ. ಮೋಟಾರು ನೇರ ಹಚ್ಚಬೇಡಿ. ಉಳಿದವು ನಡೆಯುತ್ತವೆ.' ಕೆಳಗೆ ಪೂರ್ತಿ ಹೆಸರು, ಕ್ಲಾಸು.

ದಾನೇಶ್ವರಿ ಅದನ್ನು ಎರಡು ಸಲ ಓದಿದರು. ಅಲಮಾರಿಯ ಬಾಗಿಲು ತೆರೆದೇ ಇದೆ. ಮೌನೇಶ್ವರಿ ಅದಕ್ಕೆ ಅಡ್ಡ ನಿಂತಿದ್ದಾಳೆ. ಮುಂದೇನಾಯಿತು ಎಂದು ನನ್ನನ್ನು ಕೇಳಬೇಡಿ, ಪೆನ್ನು ಅವಳ ಹತ್ತಿರವೇ ಇದೆ.