ಮಾಳಿಗೆಯಲ್ಲಿ ನುಡಿದ ಹಲ್ಲಿ

ಜನ ನನ್ನ ಮೇಲೆ ಕೂರುತ್ತಾರೆ. ಕೂತವರು ಎದುರಿಗಿರುವುದನ್ನು ನೋಡುತ್ತಾರೆ, ಇಲ್ಲವೇ ಪಕ್ಕದವರನ್ನು ನೋಡುತ್ತಾರೆ. ನಾನು ಮಾತ್ರ ಅಂಗಾತ ಬಿದ್ದು ಅವರ ತಲೆಯ ಮೇಲಿರುವುದನ್ನು ನೋಡುತ್ತೇನೆ. ನಾನೊಂದು ಜಮಖಾನ. ಹುಟ್ಟಿದ್ದೇ ನೆಲಕ್ಕೆ ಬೆನ್ನು ಕೊಡಲಿಕ್ಕೆ. ನನ್ನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ನವಲಗುಂದದ ಒಂದು ಇಕ್ಕಟ್ಟಾದ ಮನೆಯಲ್ಲಿ ಮಾಲನಬಿ ಎಂಬಾಕೆ ನನ್ನನ್ನು ನೇಯ್ದಳು. ನಿಂತ ಮಗ್ಗ, ಹತ್ತಿ ನೂಲು, ಎಳೆ ಎಳೆಗೂ ಕಬ್ಬಿಣದ ಹಣಿಗೆಯ ಏಟು. ನಡುವೆ ಪಗಡೆಯ ಹಾಸು, ಸುತ್ತ ನವಿಲು. ಆಕೆ ಮಾತು ಕಡಿಮೆ, ಕೈ ಜೋರು. ಕೊನೆಯ ಗಂಟು ಹಾಕಿದ ಮೇಲೆ ನನ್ನನ್ನು ನೆಲಕ್ಕೆ ಹಾಸಿ ತಾನೇ ಒಂದು ಗಳಿಗೆ ಮಲಗಿ ನೋಡಿದಳು. "ಚಲೋ ಆಗೇತಿ, ಇನ್ನ ಯಾರರ ಕುಂದರಲಿ" ಅಂದಳು. ನನಗೆ ಸಿಕ್ಕ ಆಶೀರ್ವಾದ ಅಷ್ಟೇ.

ಮುದ್ದಿನಹಾಳ ಎಂಬ ಊರಿನ ಕಾಳಿನ ವ್ಯಾಪಾರಿ ಅಂದಾನೆಪ್ಪ ಶೆಟ್ಟರು ಮಗಳ ಮದುವೆಗೆಂದು ನನ್ನನ್ನು ಕೊಂಡರು. ಮದುವೆಯಲ್ಲಿ ಬೀಗರು ನನ್ನ ಮೇಲೆ ಎಲೆಯಡಿಕೆ ಉಗುಳಿ ಒಂದು ನವಿಲಿಗೆ ಕೆಂಪು ಕೊಕ್ಕು ಮಾಡಿದರು. ಆ ಕಲೆ ಹೋಗಲಿಲ್ಲ. ಕಲೆಯಾದ ಜಮಖಾನ ಮನೆಗೇಕೆಂದು ಶೆಟ್ಟರು ನನ್ನನ್ನು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ದಾನ ಮಾಡಿದರು. ದಾನ ಮಾಡುವ ಮೊದಲು ನನ್ನ ಅಂಚಿನ ಮೇಲೆ ತಮ್ಮ ಹೆಸರನ್ನು ಕರಿ ಬಣ್ಣದಲ್ಲಿ ದಪ್ಪಗೆ ಬರೆಸುವುದನ್ನು ಮರೆಯಲಿಲ್ಲ.

ಗ್ರಂಥಾಲಯ ಇದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ನಡುವೆ ಗೋಡೆಯಿಂದ ಗೋಡೆಗೆ ಒಂದು ದೊಡ್ಡ ಸಾಗವಾನಿ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಕೂಲಿಯವರು ಬರುತ್ತಿದ್ದರು. ಕಳೆದ ವರ್ಷ ಎಲ್ಲಿ ಸೋರಿತ್ತೋ ಅಲ್ಲಿಗೆ ಹೊಸ ಮಣ್ಣು ಹಾಕಿ, ತುಳಿದು, ಬಡಿದು ಹೋಗುತ್ತಿದ್ದರು. ಹಳೆಯದನ್ನು ತೆಗೆದು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಊರಲ್ಲಿ ಎಲ್ಲರ ಮಾಳಿಗೆಯೂ ಹಾಗೇ ಬೆಳೆಯುತ್ತಿತ್ತು. ವರ್ಷದಿಂದ ವರ್ಷಕ್ಕೆ ಆ ತೊಲೆ ನನ್ನತ್ತ ಬಾಗುತ್ತಿರುವುದನ್ನು ನಾನು ನೋಡುತ್ತಿದ್ದೆ.

ಗ್ರಂಥಪಾಲಕಿ ಮಹಾನಂದಾ. ಊರಿಗೆಲ್ಲ ಮಹಾನಂದಕ್ಕ. ಆಕೆ ಬಂದ ಮೇಲೆ ಗೋದಾಮಿಗೆ ಜೀವ ಬಂತು. ಬೆಳಿಗ್ಗೆ ಕಣ್ಣು ಮಂಜಾದ ಹಿರಿಯರಿಗೆ ಪೇಪರು ಓದಿ ಹೇಳುವುದು, ಮಧ್ಯಾಹ್ನ ಹೆಂಗಸರು ಕೌದಿ ಹೊಲಿಯುತ್ತ ಕೂತರೆ ಒಬ್ಬಾಕೆ ಕಾದಂಬರಿ ಓದುವುದು, ಭಾನುವಾರ ಮಕ್ಕಳಿಗೆ ಕತೆ. ಎಲ್ಲವೂ ನನ್ನ ಮೇಲೆಯೇ. ಕೌದಿಯ ಸೂಜಿಗಳು ನನ್ನನ್ನು ಚುಚ್ಚಿವೆ, ಮಕ್ಕಳ ಚುರುಮುರಿ ನನ್ನ ಎಳೆಗಳಲ್ಲಿ ಸಿಕ್ಕಿಕೊಂಡಿದೆ. ನಾನು ಗೊಣಗುತ್ತಿದ್ದೆನಾದರೂ ಒಳಗೊಳಗೆ ಹಿಗ್ಗುತ್ತಿದ್ದೆ. ಮದುವೆಗಿಂತ ಇದೇ ಮೇಲು ಅನಿಸುತ್ತಿತ್ತು.

ಕತೆ ಹೇಳುವವರು ಚನ್ನಮಲ್ಲಪ್ಪಜ್ಜ. ಹಿಂದೆ ಬಯಲಾಟದಲ್ಲಿ ರಾಜನ ವೇಷ ಹಾಕುತ್ತಿದ್ದವರು; ಮೊಣಕಾಲು ಹೋದ ಮೇಲೆ ರಾಜ್ಯವೂ ಹೋಯಿತು, ದನಿ ಮಾತ್ರ ಉಳಿಯಿತು. ನನ್ನ ಒಂದು ಮೂಲೆ ಅವರ ಸಿಂಹಾಸನ. ಒಂದು ಭಾನುವಾರ ಅವರು ಕತೆಯ ನಡುವೆ, "ಆ ಹುಡುಗಿ ಸುಳ್ಳು ಹೇಳಾಕಿ ಅಲ್ಲ" ಅಂದದ್ದೇ ತಡ, ಮೇಲಿನಿಂದ "ಲೊಚ್, ಲೊಚ್" ಎಂದು ಸದ್ದಾಯಿತು.

ಅಜ್ಜನ ಮುಖ ಅರಳಿತು. "ಕೇಳಿದ್ರಿಲ್ಲೋ? ಹಲ್ಲಿ ನುಡೀತು. ಖರೇ ಐತಿ." ಬೆರಳು ಮಡಿಸಿ ನನ್ನನ್ನು ಬಡಿದರು. ಮಕ್ಕಳೂ ಬಡಿದು "ಖರೇ, ಖರೇ" ಅಂದರು.

ಆಡಿದ ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಎಂದು ನಂಬಿ ನೆಲ ಬಡಿಯುವುದು ಆ ಊರಿನ ರೂಢಿ. ಆದರೆ ಅಲ್ಲಿ ಹಲ್ಲಿ ಇರಲಿಲ್ಲ. ನಾನು ನೋಡುತ್ತಲೇ ಇದ್ದೆನಲ್ಲ! ನುಡಿದದ್ದು ತೊಲೆ. ಗೋಡೆಯೊಳಗೆ ಹೊಕ್ಕ ಅದರ ತುದಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಅಂದಿನಿಂದ ಆ ಸದ್ದು ಎಲ್ಲ ಕಾರ್ಯಕ್ರಮಗಳಿಗೂ ಅತಿಥಿಯಾಯಿತು. ಪೇಪರು ಓದುವಾಗ ನುಡಿದರೆ ಸುದ್ದಿ ನಿಜ, ಭಾಷಣದಲ್ಲಿ ನುಡಿದರೆ ಭಾಷಣಕಾರ ದೊಡ್ಡವನು. ಕೌದಿಯ ಹೆಂಗಸರು ತಮ್ಮ ಅತ್ತೆಯರ ಮೇಲಿನ ದೂರುಗಳಿಗೆಲ್ಲ ಅದರಿಂದ ಸಾಕ್ಷಿ ಹೇಳಿಸಿಕೊಂಡರು. ಮೇಲೆ ಬಿರುಕು ಉದ್ದವಾಗುತ್ತಿತ್ತು, ಕೆಳಗೆ ಜನ ನನ್ನನ್ನು ಬಡಿದು "ಖರೇ" ಅನ್ನುತ್ತಿದ್ದರು. ಪ್ರತಿ ಬಡಿತಕ್ಕೂ ನನ್ನ ಜೀವ ಹಾರಿಹೋಗುತ್ತಿತ್ತು. ಕೂಗಿ ಹೇಳಲು ನನಗೆ ಬಾಯಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಮಹಾನಂದಕ್ಕ ಬೆನ್ನುನೋವೆಂದು ನನ್ನ ಮೇಲೆ ಅಂಗಾತ ಮಲಗಿದಳು. ಕಣ್ಣು ಮುಚ್ಚಿದಳು, ತೆರೆದಳು. ಮತ್ತೆ ಮುಚ್ಚಲಿಲ್ಲ. ಅವಳ ನೋಟ ತೊಲೆಯ ಉದ್ದಕ್ಕೂ ಹೋಗಿ ಗೋಡೆಯ ಬಳಿ ನಿಂತಿತು. ಅಷ್ಟರಲ್ಲಿ "ಲೊಚ್" ಎಂದಿತು. ಅವಳ ಬೆನ್ನು ತಣ್ಣಗಾದದ್ದು ನನಗೆ ಗೊತ್ತಾಯಿತು. ಸದ್ಯ, ಕೊನೆಗೂ ಒಬ್ಬರು ಕಂಡರಲ್ಲ ಎಂದು ನಾನು ನಿರಾಳನಾದೆ.

ನನ್ನ ನಿರಾಳ ಹೆಚ್ಚು ದಿನ ಬಾಳಲಿಲ್ಲ. ಕೆಲವೇ ದಿನಗಳಲ್ಲಿ ಮೇಲಿನ ಅಧಿಕಾರಿಯೊಬ್ಬರು ತನಿಖೆಗೆ ಬಂದರು. ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಸುತ್ತ ನೋಡಿದರು. ಮೇಲೊಂದು ಬಿಟ್ಟು ಎಲ್ಲ ಕಡೆ ನೋಡಿದರು.

"ಓದೋರು ಕಡಿಮಿ ಅದಾರಂತ ಕೇಳೇವಿ. ಕಟ್ಟಡ ಚಲೋ ಇಲ್ಲಂದ್ರ ಹೇಳಿಬಿಡ್ರಿ ಮೇಡಂ. ಇದನ್ನ ಮುಚ್ಚಿ ಪುಸ್ತಕ ಎಲ್ಲಾ ತಾಲೂಕಿಗೆ ಒಯ್ತೀವಿ."

ಮಹಾನಂದಕ್ಕನ ಕಾಲು ನನ್ನ ಅಂಚಿನ ಮೇಲಿತ್ತು. ಹೆಬ್ಬೆರಳು ನನ್ನ ಎಳೆಯೊಂದನ್ನು ಗಟ್ಟಿಯಾಗಿ ಒತ್ತಿತು. "ಕಟ್ಟಡ ಗಟ್ಟಿ ಐತ್ರಿ ಸರ್" ಅಂದಳು.

"ಲೊಚ್" ಎಂದಿತು ತೊಲೆ.

ಅಧಿಕಾರಿ ನಕ್ಕು ಮೇಜು ಬಡಿದರು. "ತಗೋರಿ, ಹಲ್ಲೀನೂ ಹೌದಂತು."

ಮುಚ್ಚಿದ ಗ್ರಂಥಾಲಯ ಮತ್ತೆ ತೆರೆದದ್ದನ್ನು ಆಕೆ ಕಂಡವಳಲ್ಲ. ಅದಕ್ಕೆ ಹಾಗೆ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟು ಬಂದದ್ದು ನಿಜ, ಅವಳ ಸಂಕಟ ಅರ್ಥವಾದದ್ದೂ ನಿಜ. ಓದುಗರು ಕಡಿಮೆ ಎಂಬ ಮಾತು ಸುಳ್ಳಾಗಲೆಂದು ಆಕೆ ಕಾರ್ಯಕ್ರಮಗಳನ್ನು ಹೆಚ್ಚಿಸಿದಳು. ಮನೆಮನೆಗೆ ಹೋಗಿ ಜನರನ್ನು ಕರೆದಳು. ಜನ ಹೆಚ್ಚಿದಷ್ಟೂ ನನ್ನ ಭಯ ಹೆಚ್ಚಿತು. ಅವಳದೂ ಹೆಚ್ಚಿರಬೇಕು, ನನ್ನನ್ನು ಎಳೆದು ತೊಲೆಯಿಂದ ದೂರ, ತೊಲೆ ಮುಟ್ಟದ ಗೋಡೆಯ ಬದಿಗೆ ಅರ್ಧ ಮಡಿಸಿ ಹಾಸತೊಡಗಿದಳು. ಯಾಕೆಂದು ಕೇಳಿದವರಿಗೆ ಬೆಳಕಿನ ನೆಪ ಹೇಳಿದಳು. ಅವಳಿಗೆ ನಗು ಬರುವುದೇ ನಿಂತುಹೋಗಿತ್ತು.

ಆ ವರ್ಷವೂ ಕೂಲಿಯವರು ಬಂದು ಮಣ್ಣು ಹೇರಿದರು. ಆಮೇಲೆ ಜಡಿಮಳೆ ಹಿಡಿಯಿತು. ನಿಲ್ಲದ ಮಳೆ, ಮಣ್ಣು ಕುಡಿದಷ್ಟೂ ಕುಡಿಯಿತು. ಭಾನುವಾರ ಹೊರಗೆ ಆಡಲಾಗದ ಮಕ್ಕಳೆಲ್ಲ ಕತೆಗೆ ಬಂದರು. ಗೋಡೆಯ ಬದಿ ಸಾಲಲಿಲ್ಲ. ದೊಡ್ಡ ಮಕ್ಕಳು ನನ್ನನ್ನು ಎಳೆದು ಪೂರ್ತಿ ಬಿಡಿಸಿಯೇಬಿಟ್ಟರು. ಬೇಡವೆನ್ನಲು ಮಹಾನಂದಕ್ಕ ಬಾಯಿ ತೆರೆದಳು, ಕಾರಣ ಹೇಳಲಾಗದೆ ಮುಚ್ಚಿಕೊಂಡಳು. ನನ್ನ ಪಗಡೆಯ ಹಾಸು ಸರಿಯಾಗಿ ತೊಲೆಯ ನಡುವಿನ ಕೆಳಗೆ ಬಂತು. ಅದರ ಮೇಲೆ ಎಲ್ಲರಿಗಿಂತ ಸಣ್ಣವರನ್ನು ಕೂರಿಸಿದರು.

ಅಜ್ಜ ಒಂದು ರಾಣಿಯ ಕತೆ ಎತ್ತಿಕೊಂಡರು. ಅರಮನೆಗೆ ಗೆದ್ದಲು ಹತ್ತಿದ್ದನ್ನು ದಾಸಿ ಬಂದು ಹೇಳುತ್ತಾಳೆ, ರಾಣಿ ನಂಬುವುದಿಲ್ಲ. "ಆಗ ಆ ರಾಣಿ ಏನಂದ್ಲು? ಏನೂ ಆಗೂದಿಲ್ಲ ಹೋಗ, ಈ ಅರಮನಿ ನನ್ನ ಮೊಮ್ಮಕ್ಕಳ ಕಾಲಕ್ಕೂ ನಿಂದರತೈತಿ, ಅಂದ್ಲು."

"ಲೊಚ್." ಈ ಸಲ ಸದ್ದು ದಪ್ಪಗಿತ್ತು.

"ಖರೇ, ಖರೇ, ಖರೇ" ಎಂದು ಮಕ್ಕಳೆಲ್ಲ ನನ್ನನ್ನು ಬಡಿದರು. ಪುಟ್ಟ ಬೆರಳುಗಳ ನಡುವೆ, ಪಗಡೆಯ ಮನೆಯೊಂದರೊಳಗೆ, ಒಂದು ಹಿಡಿ ಒದ್ದೆ ಮಣ್ಣು ಮೇಲಿನಿಂದ ಬಿತ್ತು.

ಮಹಾನಂದಕ್ಕ ಅದನ್ನು ನೋಡಿದಳು. ಕೂಗಿದರೆ ಮಕ್ಕಳೆಲ್ಲ ಒಮ್ಮೆಗೇ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಆಕೆ ಕೂಗಲಿಲ್ಲ. ಎದ್ದು ಬಂದು ಮೆಲ್ಲಗೆ, "ಇನ್ನ ಕತಿ ಎದುರಿಗಿನ ಗಿರಣಿ ಪಡಸಾಲ್ಯಾಗ. ಎಲ್ಲಾರೂ ಎದ್ದು ಜಮಖಾನದ ಅಂಚು ಹಿಡೀರಿ. ಇದು ರಾಣಿ ಪಲ್ಲಕ್ಕಿ. ಪಲ್ಲಕ್ಕಿ ಹೊರೋರು ಮಾತಾಡಬಾರದು, ಓಡಬಾರದು" ಅಂದಳು.

ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು? ಎದ್ದರು, ಹಿಡಿದರು, ಎತ್ತಿದರು. ನಾನು ನೆಲದಿಂದ ಮೇಲಕ್ಕೆದ್ದೆ. ಒಂದು ಮೂಲೆ ಮಾತ್ರ ಏಳಲಿಲ್ಲ. ಅಲ್ಲಿ ಅಜ್ಜ ಕೂತಿದ್ದರು.

"ಕತಿ ನಡಕ ಎಬ್ಬಿಸಬಾರದವಾ. ನಾ ಏಳಾಂವಲ್ಲ. ಹಲ್ಲಿ ಸುದ್ದಾ ಹೂಂ ಅನ್ನಾಕತ್ತೈತಿ, ನಿನಗೇನಾತು?"

ಮಕ್ಕಳು ನನ್ನನ್ನು ಜಗ್ಗುತ್ತಿದ್ದರು. ಅಜ್ಜನ ಭಾರಕ್ಕೆ ನನ್ನ ಎಳೆ ಚರ್ರೆಂದಿತು. ಮೇಲೆ ತೊಲೆ ಇನ್ನೊಮ್ಮೆ ಸದ್ದು ಮಾಡಿತು.

ಮಹಾನಂದಕ್ಕ ಅಜ್ಜನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಜ್ಜಾ, ಅಲ್ಲಿ ಹಲ್ಲಿ ಇಲ್ಲ. ಎಂದೂ ಇದ್ದಿಲ್ಲ. ಯುಗಾದಿಯಿಂದ ನನಗ ಗೊತ್ತೈತಿ. ಲೈಬ್ರರಿ ಮುಚ್ಚತಾರಂತ ನಾ ಹೇಳಲಿಲ್ಲ. ಒಮ್ಮಿ ಮ್ಯಾಲೆ ನೋಡು."

ಅಜ್ಜ ತಲೆ ಎತ್ತಿದರು. ಅಷ್ಟು ದಿನಗಳಲ್ಲಿ ಮೊದಲ ಸಲ ಎತ್ತಿದರು. "ನಾ ಇದಕ್ಕ ಖರೇ ಅಂತಿದ್ನೇನವಾ ಇಷ್ಟ್ ದಿನ" ಅಂದರು. ಆಕೆಯ ಭುಜ ಹಿಡಿದು ಎದ್ದರು. ನನ್ನ ಮೂಲೆ ಬಿಡುಗಡೆಯಾಯಿತು. ಮಳೆಯಲ್ಲಿ ನೆನೆಯುತ್ತ, ಮಕ್ಕಳ ಕೈಯಲ್ಲಿ ತೂಗುತ್ತ, ನಾನು ರಸ್ತೆ ದಾಟಿದೆ.

ಮಾಳಿಗೆ ಅಂದು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಮಹಾನಂದಕ್ಕ ಬಾಗಿಲಿಗೆ ತಾನೇ ಬೀಗ ಹಾಕಿ ಇದ್ದದ್ದನ್ನು ಮೇಲಿನವರಿಗೆ ಹೇಳಿದಳು. ಅವರು ಬಂದು ಪುಸ್ತಕಗಳನ್ನು ತುಂಬಿಕೊಂಡು ಹೋದರು. ಮಳೆ ನಿಂತಿತು, ಮಾಳಿಗೆ ನಿಂತೇ ಇತ್ತು. ಊರಿನ ಬಾಯಿ ಸುಮ್ಮನಿರುತ್ತದೆಯೇ? "ಹಲ್ಲಿಗೆ ಹೆದರಿ ಲೈಬ್ರರಿ ಮುಚ್ಚಿದಾಕಿ" ಎಂದು ಹೆಸರಿಟ್ಟರು. ಕೌದಿಯ ಹೆಂಗಸರೂ ಅವಳನ್ನು ಕಂಡರೆ ದಾರಿ ಬದಲಿಸಿದರು.

ಗಿರಣಿಯಿಂದ ಅವಳ ಮನೆಗೆ ಬಂದ ನಾನು ಅಟ್ಟದ ಕೆಳಗೆ ಸುರುಳಿ ಸುತ್ತಿ ನಿಂತಿದ್ದೆ. ಚನ್ನಮಲ್ಲಪ್ಪಜ್ಜ ಆಗಾಗ ಬರುತ್ತಿದ್ದರು. ಆಕೆ ನನ್ನನ್ನು ಹಾಸುತ್ತಿದ್ದಳು. ಅವರು ತಮ್ಮ ಮೂಲೆಯಲ್ಲಿ ಕೂತು ಮೇಲೆ ನೋಡುತ್ತಿದ್ದರು. ಆ ರಾಣಿಯ ಕತೆಯನ್ನು ಅವರು ಮುಗಿಸಲೇ ಇಲ್ಲ. ಚಳಿಗಾಲದಲ್ಲಿ ತೀರಿಕೊಂಡರು.

ಬೇಸಿಗೆಯ ನಡುಹಗಲು, ಮಳೆಯಿಲ್ಲದೆ ಗಾಳಿಯಿಲ್ಲದೆ, ಗೋದಾಮಿನ ಮಾಳಿಗೆ ಕುಸಿದು ಬಿತ್ತು. ಸದ್ದು ಮನೆಯವರೆಗೂ ಬಂತು. ಧೂಳು ಇಳಿಯುವ ಮೊದಲೇ ಊರಿನವರು ಮಹಾನಂದಕ್ಕನ ಬಾಗಿಲಿಗೆ ಓಡಿ ಬಂದರು. "ನಮಗ ಮೊದಲ ಅನಸಿತ್ತು ಬಿಡವಾ" ಅಂದವರಲ್ಲಿ ಆಕೆಗೆ ಹೆಸರಿಟ್ಟವರೂ ಇದ್ದರು. ಆಕೆ ಮಾತ್ರ, "ಒಳಗ ಯಾರೂ ಇದ್ದಿಲ್ಲ ಹೌದಿಲ್ಲೋ?" ಎಂದು ಕೇಳಿದಳು. ಯಾರೂ ಇರಲಿಲ್ಲ ಎಂದು ಮೂರ್ನಾಲ್ಕು ಜನ ಹೇಳಿದ ಮೇಲೆಯೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

ಈಗ ಊರಿಗೆ ಹೊಸ ಗ್ರಂಥಾಲಯ ಬಂದಿದೆ. ಸಿಮೆಂಟಿನ ಕಟ್ಟಡ, ಮೇಲಿನದೆಲ್ಲ ಮುಚ್ಚಿಹೋಗುವ ಹಾಗೆ ಬೆಳ್ಳಗಿನ ನುಣುಪಾದ ಪಿಒಪಿ ಹೊದಿಕೆ. ಮಹಾನಂದಕ್ಕ ನಿವೃತ್ತಳಾಗಿ ಮಗಳ ಊರಿಗೆ ಹೋದಳು. ಹೋಗುವಾಗ ನನ್ನನ್ನು ಇಲ್ಲಿಗೆ ಕೊಟ್ಟು ಹೋದಳು. ಕೂರಲು ಪ್ಲಾಸ್ಟಿಕ್ ಚಾಪೆಗಳಿವೆ. ನನ್ನನ್ನು ಮಡಿಸಿ ಕಪಾಟಿನ ಕೆಳಗೆ ತುರುಕಿದ್ದಾರೆ. ಮಡಿಸಿಟ್ಟವನಿಗೆ ಕಾಣುವುದು ತನ್ನ ಹೊಟ್ಟೆಯಷ್ಟೇ. ಕೆಂಪು ಕೊಕ್ಕಿನ ನವಿಲಿನ ಮುಖಕ್ಕೆ ಪಗಡೆಯ ಹಾಸು ಅಂಟಿಕೊಂಡಿದೆ. ಭಾನುವಾರದ ಕತೆ ಮತ್ತೆ ಶುರುವಾಗಿದೆ, ಅದನ್ನು ಕೇಳುತ್ತ ದಿನ ತಳ್ಳುತ್ತೇನೆ.

ಮೊನ್ನೆ ಕತೆಯ ನಡುವೆ ಮೇಲಿನಿಂದ "ಲೊಚ್" ಎಂದು ಸದ್ದಾಯಿತು. ಮಕ್ಕಳು ನಕ್ಕು ನೆಲ ಬಡಿದು "ಖರೇ, ಖರೇ" ಅಂದರು. ಕತೆ ಮುಂದೆ ಹೋಯಿತು. ಹೊಸ ಕಟ್ಟಡ, ಹಲ್ಲಿಯೇ ಇರಬೇಕು. ಹಲ್ಲಿಯೇ ಆಗಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ. ನನಗಂತೂ ಇಲ್ಲಿಂದ ಏನೂ ಕಾಣುವುದಿಲ್ಲ. ಯಾರಾದರೂ ಒಬ್ಬರು ನೆಲ ಬಡಿಯುವ ಮೊದಲು ಒಮ್ಮೆ ತಲೆ ಎತ್ತಿ ನೋಡಬಾರದೇ?